ಕೋಡಿ ಬೆಂಗ್ರೆಯ ತುದಿಯಲ್ಲಿ 200 ಮೀಟರ್ ಹೊಯಿಗೆ ಬಿಟ್ಟುಕೊಡಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಮಳೆ ಬಿಟ್ಟ ಕೂಡಲೇ ನಮ್ಮ ಬೀಚುಗಳಲ್ಲಿ ಕೆಲಸ ಶುರುವಾಗುತ್ತದೆ. ಜಲಕ್ರೀಡೆಯ ಟೆಂಡರ್, ಸ್ವಚ್ಛತೆಯ ಗುತ್ತಿಗೆ, ಡಿಸೆಂಬರ್ ರಜೆಗೆ ಬರುವವರಿಗೆ ಪಾರ್ಕಿಂಗ್. ಆ ಯೋಜನೆಗಳಿಗೆಲ್ಲ ಸಹಿ ಬೀಳುವ ಮುಂಚೆಯೇ ತಮ್ಮ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇವೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ, ದಂಡೆಯ ತುತ್ತತುದಿಯ 200 ಮೀಟರ್ ಹೊಯಿಗೆಯನ್ನು, ಅಂದರೆ ಮರಳನ್ನು, ಅಕ್ಟೋಬರಿನಿಂದ ಏಪ್ರಿಲ್ ತನಕ ವಲಸೆ ಹಕ್ಕಿಗಳಿಗೆ ಬಿಟ್ಟುಕೊಡಿ. ಅದೂ ಭರತದ, ಅಂದರೆ ಕಡಲಿನ ಉಬ್ಬರದ, ಹೊತ್ತು ಮಾತ್ರ. ಇಡೀ ಬೀಚು ಬೇಡ, ಇಡೀ ದಿನವೂ ಬೇಡ.

ಭರತದ ಹೊತ್ತೇ ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಅರ್ಥವಾಗದೆ ಮಾಡಿದ ಯಾವ ವ್ಯವಸ್ಥೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಳಿತದಲ್ಲಿ ನದಿಯ ಒಳಗಿನ ಕುದ್ರುಗಳ (ನಡುಗಡ್ಡೆಗಳ) ಸುತ್ತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಆಚೆ, ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ಊಟ ಸಿಗುವುದು ಅಲ್ಲಿ. ಪಿಕಳಾರದಷ್ಟು ಗಾತ್ರದ ಸ್ಯಾಂಡ್ ಪ್ಲವರ್ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ. ಕೆಸರಿನ ಮೇಲೆ ಹುಳ ಮಿಸುಕಿದ್ದು ಕಂಡರೆ ಕುಕ್ಕುತ್ತದೆ, ಇಲ್ಲದಿದ್ದರೆ ಮತ್ತೆ ನಾಲ್ಕು ಹೆಜ್ಜೆ. ಕೊಕ್ಕು ಮೇಲಕ್ಕೆ ಬಾಗಿರುವ, ಕಿತ್ತಳೆ ಬಣ್ಣದ ಕಾಲಿನ ಟೆರೆಕ್ ಸ್ಯಾಂಡ್‌ಪೈಪರ್ ಸಣ್ಣ ಏಡಿಗಳ ಬೆನ್ನು ಹತ್ತಿ ಓಡುತ್ತದೆ. ವಿಂಬ್ರೆಲ್ ಏಡಿಯನ್ನು ಹಿಡಿದು, ಕಾಲುಗಳು ಉದುರುವ ತನಕ ಝಾಡಿಸಿ ನುಂಗುತ್ತದೆ. ಅದರ ದೊಡ್ಡಣ್ಣನಂತಿರುವ ಕರ್ಲ್ಯೂವಿನ ಕೊಕ್ಕು 10 ಸೆಂಟಿಮೀಟರಿಗಿಂತ ಉದ್ದ. ಬೇರೆ ಹಕ್ಕಿಗಳ ಕೊಕ್ಕಿಗೆ ಎಟುಕದ ಆಳದ ಹುಳ ಅದರ ಪಾಲು. ಕಡಲಿನ ಬದಿಯಲ್ಲಿ ಸ್ಯಾಂಡರ್ಲಿಂಗ್‌ಗಳ ಓಟವೇ ಬೇರೆ. ತೆರೆ ಹಿಂದೆ ಸರಿದಾಗ ಅದರ ಹಿಂದೆ, ತೆರೆ ಬಂದಾಗ ಅದರ ಮುಂದೆ. ಆ ಹಕ್ಕಿಗೆ ಕಾಲಿನ ಹಿಂಬೆರಳೇ ಇಲ್ಲ.

ಭರತ ಏರಿತೆಂದರೆ ಈ ಊಟದ ಬಯಲೆಲ್ಲ ನೀರಿನಡಿ. ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡೂ ಸಮನಲ್ಲ. ನೀರು ಏರುತ್ತಿದ್ದಂತೆ ಹಕ್ಕಿಗಳು ಗುಂಪುಗುಂಪಾಗಿ ಅಳಿವೆಯ ತುದಿಯ ಬರಿ ಹೊಯಿಗೆಗೆ ಬಂದು ಇಳಿಯುತ್ತವೆ. ಒಂಟಿ ಕಾಲಲ್ಲಿ, ಗಾಳಿಗೆ ಮುಖಮಾಡಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿಲ್ಲುತ್ತವೆ. ಗಿಡಮರ ಇಲ್ಲದ ಜಾಗವೇ ಅವಕ್ಕೆ ಬೇಕು, ಗಿಡುಗವೋ ನಾಯಿಯೋ ಬರುವುದು ದೂರದಿಂದಲೇ ಕಾಣಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಭರತದಲ್ಲಿ ಒಣಗಿ ಉಳಿಯುವ ಹೊಯಿಗೆ ಬಹಳ ಕಡಿಮೆ. ಅದು ಭಾನುವಾರಕ್ಕೆ ಬಿದ್ದರೆ ಅಷ್ಟೇ ಜಾಗದಲ್ಲಿ ಕಾರು, ಬೈಕು, ಚೆಂಡಾಟ.

ಹಕ್ಕಿ ಹಿಂಡು ಒಮ್ಮೆಗೇ ಎದ್ದು ಹಾರುವುದು ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ಹಕ್ಕಿಗೆ ಅದು ಬರಿ ನಷ್ಟ. ಸ್ಯಾಂಡ್ ಪ್ಲವರಿನ ತೂಕ ಸುಮಾರು 60 ಗ್ರಾಂ. ಮಾರ್ಚ್, ಏಪ್ರಿಲಿನಲ್ಲಿ ಮಧ್ಯ ಏಷ್ಯಾಕ್ಕೆ ಹಾರಿ ಹೋಗಲು ಬೇಕಾದ ಕೊಬ್ಬನ್ನು ಅದು ಇಲ್ಲಿನ ಕೆಸರಿನಿಂದಲೇ ಕೂಡಿಡಬೇಕು. ಒಂದು ಭರತದಲ್ಲಿ ಮತ್ತೆ ಮತ್ತೆ ಎಬ್ಬಿಸಿದರೆ ಇಳಿತದಲ್ಲಿ ತಿಂದದ್ದರಲ್ಲಿ ಒಂದು ಪಾಲು ಹಾರಾಟಕ್ಕೇ ಖರ್ಚಾಗುತ್ತದೆ. ಹಾಗೆ ಆಗುತ್ತಲೇ ಇದ್ದರೆ ಹಿಂಡು ಜಾಗ ಬಿಡುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ದಡದಿಂದ ಕೈರಂಪಣಿ ಬಲೆ ಎಳೆಯುವವರಿಂದ, ಮರುವಾಯಿ (ಚಿಪ್ಪು) ಹೆಕ್ಕುವವರಿಂದ ಹಕ್ಕಿಗಳಿಗೆ ತೊಂದರೆ ಇಲ್ಲ. ಅವರು ನಿಧಾನ ನಡೆಯುತ್ತಾರೆ, ದಿನಾ ಅದೇ ದಾರಿ. ಹಕ್ಕಿಗಳು ನಾಲ್ಕು ಮಾರು ಸರಿದು ತಮ್ಮ ಪಾಡಿಗೆ ಇರುತ್ತವೆ. ಮೀನುಗಾರರನ್ನು ತಡೆಯುವ ಯಾವ ಆದೇಶವನ್ನೂ ನಾವು ಕೇಳುತ್ತಿಲ್ಲ, ಅಂಥದ್ದು ಬಂದರೆ ವಿರೋಧಿಸುತ್ತೇವೆ. ಹಕ್ಕಿಗಳನ್ನು ಓಡಿಸುವುದು ಅಚಾನಕ್ಕಾಗಿ ವೇಗವಾಗಿ ಬರುವ ವಸ್ತುಗಳು: ಹೊಯಿಗೆ ಮೇಲೆ ಓಡಿಸುವ ಜೀಪು, ದಡಕ್ಕೆ ತಾಗಿ ಬರುವ ಜೆಟ್ ಸ್ಕೀ, ಮೀನಿನ ತ್ಯಾಜ್ಯಕ್ಕೆ ಬಂದು ಸೇರುವ ನಾಯಿಗಳು. ಮದುವೆಗೆ ಮುಂಚಿನ ಫೋಟೋ ಶೂಟಿನ ಡ್ರೋನ್ ಇವೆಲ್ಲಕ್ಕಿಂತ ಕೆಟ್ಟದ್ದು. ತಲೆಯ ಮೇಲೆ ಗಿಡುಗ ಬಂತೆಂದೇ ಹಕ್ಕಿ ತಿಳಿಯುತ್ತದೆ.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. 200 ಮೀಟರ್ ಉದ್ದಕ್ಕೆ 10 ಮೀಟರಿಗೆ ಒಂದರಂತೆ 21 ಗಾಳಿಮರದ ಗೂಟ ಸಾಕು. ಗೂಟದ ಉದ್ದ 1.8 ಮೀಟರ್, ಅದರಲ್ಲಿ 60 ಸೆಂಟಿಮೀಟರ್ ಹೊಯಿಗೆಯೊಳಗೆ. ಸೊಂಟದ ಎತ್ತರಕ್ಕೆ ಒಂದೇ ಒಂದು ಎಳೆ ತೆಂಗಿನ ನಾರಿನ ಹಗ್ಗ. ನೈಲಾನ್ ಹಗ್ಗ, ಮುಳ್ಳುತಂತಿ ಬೇಡವೇ ಬೇಡ. ಕಾಲಿಗೆ, ರೆಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಗೂಟ ಎತ್ತರವಾದರೆ ಕಾಗೆ, ಹದ್ದುಗಳು ಅದರ ಮೇಲೆ ಕೂತು ಕಾಯುತ್ತವೆ. ಬಣ್ಣದ ಬಾವುಟ, ಪಟಪಟ ಹೊಡೆದುಕೊಳ್ಳುವ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಹಕ್ಕಿಗಳೇ ಹತ್ತಿರ ಬರುವುದಿಲ್ಲ. ಕಾಂಕ್ರೀಟು ಹಾಕಿ ಕಾಯಂ ಮಾಡುವುದೂ ತಪ್ಪು, ಏಕೆಂದರೆ ಪ್ರತಿ ಮಳೆಗಾಲಕ್ಕೆ ಅಳಿವೆಯ ತುದಿ ಜಾಗ ಬದಲಿಸುತ್ತದೆ. ಕಳೆದ ವರ್ಷದ ಗಡಿ ಈ ವರ್ಷ ನೀರೊಳಗೆ ಇರಬಹುದು. ಅಕ್ಟೋಬರ್ ಮೊದಲ ವಾರ ಊರಿನ ಮೀನುಗಾರರನ್ನು ಜೊತೆಗೆ ಕರೆದುಕೊಂಡು ಹೊಸದಾಗಿ ಗುರುತು ಹಾಕಿಸಬೇಕು. ಏಪ್ರಿಲ್ ಕೊನೆಗೆ ಎಲ್ಲವನ್ನೂ ಕಿತ್ತು ತೆಗೆದಿಡಬಹುದು.

ಫಲಕದಲ್ಲಿ "ಸಂಜೆ 4ರಿಂದ 6" ಎಂದು ಬರೆಸಬೇಡಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವಾರದೊಳಗೆ ಆ ಫಲಕ ಸುಳ್ಳಾಗುತ್ತದೆ. ಸಣ್ಣದೊಂದು ಕರಿಹಲಗೆ ಇಟ್ಟು, ಉಬ್ಬರವಿಳಿತದ ಕೋಷ್ಟಕ ನೋಡಿ ಆಯಾ ದಿನದ ಭರತದ ಸಮಯ ಬರೆಯಲಿ. ಅದಕ್ಕೆ ಮುಂಚೆ 2 ಗಂಟೆ, ನಂತರ 2 ಗಂಟೆ ಮೀನುಗಾರರ ಹೊರತು ಬೇರೆಯವರು ಹಗ್ಗ ದಾಟುವಂತಿಲ್ಲ. ಬೀಚಿನಲ್ಲಿ ಕೆಲಸ ಮಾಡುವ ಪ್ರವಾಸಿ ಮಿತ್ರ ಸಿಬ್ಬಂದಿಗೆ ಇದನ್ನು ಒಪ್ಪಿಸಬಹುದು. ಊರಿನವರೇ ಒಬ್ಬರನ್ನು ಏಳು ತಿಂಗಳ ಸಂಬಳಕ್ಕೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸ್ವಚ್ಛತೆಯ ಬಗ್ಗೆ ಒಂದು ವಿನಂತಿ. ತೆರೆ ತಂದು ಬಿಡುವ ಪಾಚಿ, ಕಸಕಡ್ಡಿಯ ಸಾಲಿನಲ್ಲಿ ಸಣ್ಣ ಹುಳಹುಪ್ಪಟೆ ತುಂಬಿರುತ್ತವೆ, ಹಕ್ಕಿಗಳು ಅದನ್ನು ಕೆದಕಿ ತಿನ್ನುತ್ತವೆ. ಯಂತ್ರ ಓಡಿಸಿ ಹೊಯಿಗೆ ಜರಡಿ ಹಿಡಿದರೆ ಆ ಊಟವೂ ಹೋಯಿತು, ಹೊಯಿಗೆ ಹಿಡಿದಿಡುವ ಅಡುಂಬು ಬಳ್ಳಿಯೂ ಹೋಯಿತು. ಈ ತುದಿಯಲ್ಲಿ ಪ್ಲಾಸ್ಟಿಕ್ಕನ್ನು ಕೈಯಲ್ಲೇ ಹೆಕ್ಕಿಸಿ. ಗಾಳದ ನೈಲಾನ್ ದಾರ ಮೊದಲು ಹೆಕ್ಕಬೇಕಾದ ವಸ್ತು. ಬೆರಳಿಗೆ ಒಂದು ಸುತ್ತು ಬಿದ್ದರೆ ಹಕ್ಕಿ ಎಳೆದಷ್ಟೂ ಬಿಗಿಯುತ್ತದೆ, ರಕ್ತ ಓಡದೆ ಬೆರಳು ಕೊಳೆತು ಬಿದ್ದುಹೋಗುತ್ತದೆ.

ಕಾಂಡ್ಲಾ ನೆಡುವ ಕಾರ್ಯಕ್ರಮದ ಬಗ್ಗೆ ಹೇಳುವಾಗ ತಪ್ಪು ತಿಳಿಯಬಾರದು. ದಡ ಕೊರೆಯುವಲ್ಲಿ, ಹಿಂದೆ ಕಾಂಡ್ಲಾ ಇದ್ದು ಕಡಿದುಹೋದಲ್ಲಿ ನೆಡಬೇಕು. ಆದರೆ ಖಾಲಿ ಕಂಡಿತೆಂದು ತೆರೆದ ಕೆಸರು ಬಯಲಿನಲ್ಲಿ ಸಸಿ ಊರಿದರೆ ಹಕ್ಕಿಯ ಗದ್ದೆಯನ್ನು ಮುಚ್ಚಿದಂತೆ. ಕೇರಳದ ಕಡಲುಂಡಿ 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಂಥ ಜಾಗದಲ್ಲೂ ಕೆಸರಿನ ಮೇಲೆ ಮರಳು ಕೂತು, ಕಾಂಡ್ಲಾ ಹಬ್ಬಿ, ವಲಸೆ ಹಕ್ಕಿ ಕಡಿಮೆಯಾಯಿತು. ಮರಳು ದಿಬ್ಬ ತೆರವಿಗೆ ಅನುಮತಿ ಕೊಡುವಾಗಲೂ ಹಕ್ಕಿಗಳು ಕೂರುವ ದಿಬ್ಬಗಳನ್ನು ನಕ್ಷೆಯಲ್ಲಿ ಗುರುತಿಸಿ ಪಟ್ಟಿಯಿಂದ ಹೊರಗಿಡಿ.

ಜನವರಿಯ ಏಷ್ಯಾ ಜಲಪಕ್ಷಿ ಗಣತಿಯಲ್ಲಿ ಈ ಅಳಿವೆಯ ಲೆಕ್ಕ ಸರಿಯಾಗಿ ಆಗಬೇಕು. ಬೆಳಗ್ಗೆ ತಿಂಡಿ ಮುಗಿಸಿ ಹೋಗಿ ಎಣಿಸಿದರೆ ಲೆಕ್ಕವಾಗುವುದಿಲ್ಲ. ಭರತಕ್ಕೆ 2 ಗಂಟೆ ಮುಂಚೆ ಕೋಡಿ ಬೆಂಗ್ರೆಯಲ್ಲೊಂದು ತಂಡ, ಹಂಗಾರಕಟ್ಟೆಯ ಬದಿಯಲ್ಲೊಂದು ತಂಡ ಏಕಕಾಲಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಹೊಳೆ ದಾಟಿದ ಹಿಂಡು ಎರಡು ಸಲ ಎಣಿಕೆಯಾಗುತ್ತದೆ. ದೊಡ್ಡ ಹಿಂಡಿನಲ್ಲಿ ಮೊದಲು 10 ಹಕ್ಕಿ ಎಣಿಸಿ, ಅಷ್ಟು ಜಾಗದ ಅಳತೆಯಲ್ಲಿ ಉಳಿದದ್ದನ್ನು ಅಂದಾಜಿಸಬೇಕು. ಸ್ಯಾಂಡ್ ಪ್ಲವರ್‌ಗಳಲ್ಲಿ ದೊಡ್ಡದು, ಚಿಕ್ಕದು ಎಂದು ಗಾತ್ರ ನೋಡಿ ಬರೆಯುವುದು ಸಾಮಾನ್ಯ ತಪ್ಪು. ಕೊಕ್ಕಿನ ಉದ್ದವನ್ನು, ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯ ತನಕದ ದೂರದ ಜೊತೆ ಹೋಲಿಸಬೇಕು. ಕೊಕ್ಕೇ ಉದ್ದವಾದರೆ ಅದು ದೊಡ್ಡದು, ಅಂದರೆ ಗ್ರೇಟರ್ ಸ್ಯಾಂಡ್ ಪ್ಲವರ್. ದೂರದಲ್ಲಿ ಗೊತ್ತಾಗದಿದ್ದರೆ "ಸ್ಯಾಂಡ್ ಪ್ಲವರ್" ಎಂದಷ್ಟೇ ಬರೆದರೆ ಪ್ರಾಮಾಣಿಕವಾಗಿರುತ್ತದೆ. ಕಂದುತಲೆಯ ಗಲ್ ಹಕ್ಕಿಗೂ ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಚುಕ್ಕೆ ಮಾತ್ರ. ಮಲ್ಪೆ ಬಂದರಿನಲ್ಲಿ ಬೋಟುಗಳ ಸುತ್ತ ಇರುವ ಗಲ್‌ಗಳನ್ನು ಬೇರೆ ಪಟ್ಟಿಯಲ್ಲೇ ಹಾಕಬೇಕು.

ಅಧಿಕಾರದ ಪ್ರಶ್ನೆ ಏಳುವುದಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕೆಸರು ಬಯಲು, ತೀರದ ಮರಳ ದಿಣ್ಣೆ, ಕಾಂಡ್ಲಾ ಕಾಡುಗಳನ್ನು ಅತಿ ಸೂಕ್ಷ್ಮವೆಂದು ವಲಯ 1ಎಯಲ್ಲಿ ಸೇರಿಸಿದೆ, ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಪಕ್ಕದ ಜಿಲ್ಲೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನಮಗೆ ಸದ್ಯಕ್ಕೆ ಬೇಕಿರುವುದು ತಮ್ಮ ಕಚೇರಿಯ ಒಂದು ಪುಟದ ಆದೇಶ.

ಸ್ಥಳ ಪರಿಶೀಲನೆಗೆ ತಾವಾಗಲಿ, ತಮ್ಮ ಅಧಿಕಾರಿಗಳಾಗಲಿ ಬರುವುದಾದರೆ ದಯವಿಟ್ಟು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ, ಹಗಲಿನ ಭರತಕ್ಕೆ 2 ಗಂಟೆ ಮುಂಚೆ ಬನ್ನಿ. ವಾಹನವನ್ನು ರಸ್ತೆಯಲ್ಲೇ ನಿಲ್ಲಿಸಿ, 100 ಮೀಟರ್ ದೂರದಲ್ಲಿ ಕೂತರೆ ಹಕ್ಕಿಗಳೇ ತಮ್ಮ ಎದುರಿಗೆ ಬಂದು ಇಳಿಯುತ್ತವೆ. ದುರ್ಬೀನು ನಾವು ತರುತ್ತೇವೆ. ಇಳಿತದ ಹೊತ್ತು ಬಂದರೆ ಕಾಣುವುದು ಖಾಲಿ ಹೊಯಿಗೆ, "ಇಲ್ಲಿ ಹಕ್ಕಿಗಳಿಲ್ಲ" ಎಂದೇ ವರದಿಯಾಗುತ್ತದೆ.

ಇತಿ,
ಉಡುಪಿ ಕರಾವಳಿಯ ಹಕ್ಕಿ ವೀಕ್ಷಕರು