ಮುಟ್ಟಲು ಭಯವಿಲ್ಲದ ಕಂಪ್ಯೂಟರ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಶಾಲೆಗೆ ಕಂಪ್ಯೂಟರ್ ಬಂದ ಫೋಟೊಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತವೆ. ಆರು ತಿಂಗಳಾದ ಮೇಲೆ ಆ ಕೋಣೆ ಹೇಗಿದೆ ಎಂದು ಯಾರೂ ಬರೆಯುವುದಿಲ್ಲ. ಅಂಥ ಒಂದು ಕೋಣೆಯ ಕೀಲಿ ನಾಲ್ಕು ವರ್ಷ ನನ್ನ ಬ್ಯಾಗಿನಲ್ಲೇ ಇತ್ತು. ಅದಕ್ಕೇ ಈ ಪತ್ರ.

ನಾನು ಧಾರವಾಡ ಸೀಮೆಯಲ್ಲಿ ಗಣಿತ ಕಲಿಸುವ ಹೈಸ್ಕೂಲ್ ಶಿಕ್ಷಕಿ. ಮೊದಲಿದ್ದ ಶಾಲೆಯಲ್ಲಿ ಹತ್ತು ಕಂಪ್ಯೂಟರ್ ಇದ್ದವು. ಹತ್ತಕ್ಕೂ ಪ್ಲಾಸ್ಟಿಕ್ ಹೊದಿಕೆ. ಒಂದು ಕೆಟ್ಟರೂ ಸ್ಟಾಕ್ ರಿಜಿಸ್ಟರ್ ಮುಂದಿಟ್ಟು ಉತ್ತರ ಹೇಳಬೇಕಾದವರು ಹೆಡ್‌ಮಾಸ್ತರು ಮತ್ತು ನಾನು. ಹಾಗಾಗಿ ಮಕ್ಕಳನ್ನು ಒಳಗೆ ಕರೆದಾಗಲೆಲ್ಲ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಮುಟ್ಟಬ್ಯಾಡ್ರಿ’. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗಿನ ಶಾಲೆಗೆ ಬಂದ ಮೇಲೆ ನಾವು ಮೂವರು ಶಿಕ್ಷಕರು ದುಡ್ಡು ಹಾಕಿ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎರಡು ಬೋರ್ಡ್ ತಂದೆವು. ಆಗ ಒಂದಕ್ಕೆ ಮೂರು ಸಾವಿರದ ಆಸುಪಾಸು. ಎಟಿಎಂ ಕಾರ್ಡಿನಷ್ಟು ಅಗಲದ ಹಸಿರು ಹಲಗೆ, ಅಷ್ಟೇ. ಫೋನ್ ಚಾರ್ಜರ್‌ನಿಂದ ನಡೆಯುತ್ತದೆ, ಮನೆಯ ಟಿವಿಗೆ ಜೋಡಿಸಬಹುದು. ಅದನ್ನು ನಡೆಸುವ ಸಾಫ್ಟ್‌ವೇರ್, ನಾವು ಬರೆದಿಟ್ಟದ್ದು ಎಲ್ಲ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಇರುತ್ತದೆ. ಬೋರ್ಡ್ ಅಗ್ಗವಾದರೂ ಕೀಬೋರ್ಡ್, ಮೌಸ್, ಪರದೆ ಸೇರಿದರೆ ಖರ್ಚು ಏರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ನಮಗೆ ಹಳೆಯ ಮಾನಿಟರ್ ಸಿಕ್ಕಿದ್ದು ಅದೃಷ್ಟ.

ರಾಸ್‌ಬೆರಿ ಪೈ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಆಗಿನ ಬೆಲೆ 35 ಡಾಲರ್. ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಅರ್ಜಿ ಹಾಕುವವರು ಕಡಿಮೆಯಾಗುತ್ತಿದ್ದರು. ಬಂದವರಿಗೂ ಪ್ರೋಗ್ರಾಮ್ ಬರೆದ ಕೈರೂಢಿ ಇರಲಿಲ್ಲ. ಅಲ್ಲಿ ಕಲಿಸುತ್ತಿದ್ದ ಎಬೆನ್ ಅಪ್ಟನ್ ಮತ್ತು ಅವರ ಜೊತೆಯವರಿಗೆ ಇದು ಕಾಡಿತು. 1980ರ ದಶಕದ ಬಿಬಿಸಿ ಮೈಕ್ರೊದಂಥ ಕಂಪ್ಯೂಟರುಗಳು ಸ್ವಿಚ್ ಹಾಕಿದ ಕೂಡಲೇ ‘ಬರಿ, ನಡೆಸ್ತೀನಿ’ ಅನ್ನುವ ಹಾಗೆ ಕಾಯುತ್ತಿದ್ದವು. ಆಮೇಲೆ ಬಂದ ಕಂಪ್ಯೂಟರುಗಳು ಮನೆಮಂದಿಯೆಲ್ಲ ಬಳಸುವ ದುಬಾರಿ ವಸ್ತುವಾದವು. ಮಕ್ಕಳು ಅದನ್ನು ಕೆದಕುವಂತಿಲ್ಲ. ಓದಿದಾಗ ನನಗನ್ನಿಸಿದ್ದು, ಅವರ ತೊಂದರೆಯೂ ನನ್ನ ಪ್ಲಾಸ್ಟಿಕ್ ಹೊದಿಕೆಯೂ ಒಂದೇ ಅಲ್ವಾ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ‘ಕಂಪ್ಯೂಟೇಷನಲ್ ಥಿಂಕಿಂಗ್’ ಎಂಬ ಮಾತಿದೆ. ಅಂದರೆ ಕಂಪ್ಯೂಟರಿಗೆ ಹೇಳುವ ಹಾಗೆ ಕೆಲಸವನ್ನು ಹಂತ ಹಂತವಾಗಿ ಯೋಚಿಸುವುದು. ಮಕ್ಕಳಿಗೆ ಆ ಹೆಸರನ್ನು ನಾನು ಹೇಳಲೇ ಇಲ್ಲ. ಕಸೂತಿಯಿಂದ ಶುರು ಮಾಡಿದೆ. ನಮ್ಮ ಎಂಟನೇ ತರಗತಿಯ ಒಬ್ಬ ಹುಡುಗಿಯ ತಾಯಿ ಮನೆಯಲ್ಲೇ ಕೂತು ಸೀರೆಗೆ ಕಸೂತಿ ಹಾಕಿ ಕೊಡುತ್ತಾರೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸುತ್ತಾ ಹೋಗಬೇಕು. ಗಂಟು ಹಾಕುವಂತಿಲ್ಲ. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಬರುವ ಹೊಲಿಗೆ. ಸೂಜಿ ಹೋಗುವಾಗ ಅಡ್ಡ ಗೆರೆಗಳು ಮೇಲೆ ಬೀಳುತ್ತವೆ, ತಿರುಗಿ ಬರುವಾಗ ನಿಲುವಿನ ಗೆರೆಗಳು ಬಿದ್ದು ಸಂದು ತುಂಬುತ್ತವೆ. ಎಲ್ಲೋ ಒಂದು ಎಳೆ ತಪ್ಪಿದರೆ ಬರುವಾಗ ಸಿಕ್ಕಿಬೀಳುತ್ತದೆ. ಅಲ್ಲಿವರೆಗೆ ಬಿಚ್ಚಿ ಮತ್ತೆ ಹಾಕಬೇಕು. ದೊಡ್ಡ ಕೆಲಸವನ್ನು ತುಂಡು ಮಾಡುವುದು, ಒಂದೇ ಕ್ರಮವನ್ನು ಮತ್ತೆ ಮತ್ತೆ ಮಾಡುವುದು, ತಪ್ಪು ಎಲ್ಲಿದೆ ಎಂದು ಹಿಂದೆ ಹೋಗಿ ಹುಡುಕುವುದು, ಎಲ್ಲವೂ ಆ ತಾಯಿಯ ಬೆರಳಲ್ಲಿದೆ. ಒಂದು ವಾರ ಗ್ರಾಫ್ ಹಾಳೆಯ ಮೇಲೆ ಬರೀ ಮುರ್ಗಿ ಬರೆದೆವು.

ಆಮೇಲೆ ಯಂತ್ರಕ್ಕೆ ಬಂದೆವು. ಪ್ರೋಗ್ರಾಮ್ ಬರೆಯುವ ಪೈಥಾನ್ ಎಂಬ ಭಾಷೆಯಲ್ಲಿ, ನಾವು ಹೇಳಿದಂತೆ ಪರದೆಯ ಮೇಲೆ ಗೆರೆ ಎಳೆಯುವ ಒಂದು ಆಮೆ ಇದೆ. 1960ರ ದಶಕದಲ್ಲಿ ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಮಾಡಿದ ಲೋಗೊ ಭಾಷೆಯ ಆಮೆಯ ವಂಶದ್ದೇ ಇದು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೂ ಇಡಬಹುದು. ನಾನು ಮೊದಲೇ ನಾಲ್ಕು ಸಾಲು ಬರೆದು ಆಮೆಗೆ ‘ಮುಂದೆ’, ‘ಎಡಕ್ಕೆ’, ‘ಬಲಕ್ಕೆ’ ಅನ್ನುವ ಮಾತು ತಿಳಿಯುವಂತೆ ಮಾಡಿಟ್ಟಿದ್ದೆ. ಇಂಗ್ಲಿಷ್ ಸ್ಪೆಲಿಂಗಿಗೆ ಹೆದರಿ ಹಿಂದಿನ ಬೆಂಚಿಗೆ ಸರಿಯುವ ಮಕ್ಕಳು ಅವತ್ತು ಮುಂದೆ ಬಂದರು.

ಆ ಹುಡುಗಿಯೇ ಮೊದಲು ಕೂತಳು. ಮುಂದೆ 20, ಎಡಕ್ಕೆ 90, ಮುಂದೆ 20. ಇದನ್ನು ಎಂಟು ಸಲ ಮಾಡು ಅಂದಳು. ಮೆಟ್ಟಿಲು ಹತ್ತಬೇಕಾದ ಆಮೆ ಗಾಣದ ಎತ್ತಿನ ಹಾಗೆ ಒಂದೇ ಚೌಕ ಸುತ್ತತೊಡಗಿತು. ಎಲ್ಲರೂ ನಕ್ಕರು. ಅವಳು ಎದ್ದು ಹೋಗಿ ನೆಲದ ಶಹಾಬಾದ್ ಕಲ್ಲಿನ ಮೇಲೆ ನಿಂತಳು. ಒಂದು ಕಲ್ಲು ನಡೆದಳು, ಎಡಕ್ಕೆ ಹೊರಳಿದಳು, ಇನ್ನೊಂದು ಕಲ್ಲು ನಡೆದು ಗಕ್ಕನೆ ನಿಂತಳು. ‘ಅಕ್ಕಾರ, ಇಲ್ಲಿ ಬಲಕ್ಕ ಹೊಳ್ಳಬೇಕಿತ್ರಿ. ನಾ ಬರದೇ ಇಲ್ಲ!’ ಓಡಿ ಬಂದು ‘ಬಲಕ್ಕೆ 90’ ಸೇರಿಸಿದಳು. ಪರದೆಯ ಮೇಲೆ ಮುರ್ಗಿ ಮೆಟ್ಟಿಲಾಗಿ ಏರಿತು. ನಾನು ಒಂದು ಮಾತೂ ಹೇಳಿರಲಿಲ್ಲ. ನಾನೇ ಹೇಳಿಕೊಟ್ಟಿದ್ದರೆ ಅವಳ ಮುಖದಲ್ಲಿ ಆ ಬೆಳಕು ಇರುತ್ತಿತ್ತಾ?

ಕರೆಂಟು ಹಠಾತ್ತನೆ ಹೋದಾಗ ಕೆಲವೊಮ್ಮೆ ಮೆಮೊರಿ ಕಾರ್ಡ್ ಕೆಡುತ್ತದೆ. ನಮ್ಮಲ್ಲಿ ಎರಡು ಸಲ ಹೀಗಾಯಿತು. ಮೊದಲ ಸಲ ಹುಡುಗನೊಬ್ಬ ತನ್ನಿಂದಲೇ ಹಾಳಾಯಿತು ಎಂದು ಅಳತೊಡಗಿದ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಕಾರ್ಡಿಗೆ ಎಲ್ಲವನ್ನೂ ಹೊಸದಾಗಿ ತುಂಬಿದೆ. ಅರ್ಧ ಗಂಟೆಯ ಕೆಲಸ. ಎರಡನೇ ಸಲ ಅವನೇ ಮಾಡಿದ. ಈಗ ಅವನು ಉಳಿದವರಿಗೆ ‘ಹೆದರಬ್ಯಾಡ್ರಿ, ಕಾರ್ಡ್ ಬದಲಿ ಮಾಡಿದ್ರ ಆತು’ ಅನ್ನುತ್ತಾನೆ. ಅಗ್ಗದ ಕಂಪ್ಯೂಟರಿನಿಂದ ಉಳಿಯುವ ದುಡ್ಡಿಗಿಂತ ನನಗೆ ಈ ಧೈರ್ಯವೇ ದೊಡ್ಡದು.

ಅದಕ್ಕೆ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಇಲಾಖೆಯವರಲ್ಲಿ, ಕಂಪನಿಗಳಲ್ಲಿ, ಊರಿನ ದಾನಿಗಳಲ್ಲಿ ನನ್ನ ವಿನಂತಿ. ಹತ್ತು ದೊಡ್ಡ ಯಂತ್ರ ಕೊಡುವ ದುಡ್ಡಿದ್ದರೆ ಐದು ಕೊಡಿ. ಉಳಿದದ್ದರಲ್ಲಿ ಇಂಥ ಸಣ್ಣ ಬೋರ್ಡುಗಳನ್ನು ಕೊಡಿ, ಜೊತೆಗೆ ಹತ್ತಾರು ಹೆಚ್ಚುವರಿ ಮೆಮೊರಿ ಕಾರ್ಡ್. ಮುಖ್ಯವಾಗಿ, ಈ ಬೋರ್ಡು ಮತ್ತು ಕಾರ್ಡುಗಳನ್ನು ರಿಜಿಸ್ಟರಿನಲ್ಲಿ ಸೀಮೆಸುಣ್ಣ, ಲ್ಯಾಬಿನ ಗಾಜಿನ ನಳಿಕೆಗಳ ಸಾಲಿಗೆ ಸೇರಿಸಿ. ಬಳಸುವಾಗ ಒಡೆಯಬಹುದು, ಮುಗಿಯಬಹುದು, ಅದಕ್ಕೆ ಶಿಕ್ಷಕರ ಮೇಲೆ ವಸೂಲಿ ಇಲ್ಲ ಎಂದು ಒಂದು ಸಾಲು ಬರೆದುಕೊಡಿ. ಆ ಒಂದು ಸಾಲು ಇದ್ದಿದ್ದರೆ ನಾಲ್ಕು ವರ್ಷ ಆ ಕೋಣೆಗೆ ನಾನು ಬೀಗ ಹಾಕುತ್ತಿರಲಿಲ್ಲ.

ಧಾರವಾಡ, ಹುಬ್ಬಳ್ಳಿಯ ಓದುಗರ ಮನೆಯ ಅಟ್ಟದ ಮೇಲೆ ಸುಮ್ನೆ ಬಿದ್ದಿರುವ ಮಾನಿಟರ್, ಕೀಬೋರ್ಡ್ ಇದ್ದರೆ ಹತ್ತಿರದ ಶಾಲೆಯ ಗಣಿತ ಶಿಕ್ಷಕರನ್ನು ಒಮ್ಮೆ ಕೇಳಿ ನೋಡಿ. ನಮ್ಮಲ್ಲಿ ಎರಡು ಬೋರ್ಡಿಗೆ ನಲವತ್ತೊಂದು ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದಾರೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ, ಧಾರವಾಡ