ಮೊದಲು ವೇಳಾಪಟ್ಟಿ, ಆಮೇಲೆ ಹಳಿ

ಸಂಪಾದಕರೇ,

ದೇಶದುದ್ದಕ್ಕೂ ಹೈಸ್ಪೀಡ್ ರೈಲು ಹಾಕುವ ಮಾತು ಬಂದಾಗಲೆಲ್ಲ ಎಲ್ಲರೂ ಕೇಳುವುದು ಒಂದೇ: ಗಂಟೆಗೆ ಎಷ್ಟು ಕಿಲೋಮೀಟರ್? ನಾನು ಕೇಳುವುದು ಬೇರೆ. ಅದರಿಂದ ಇಳಿದ ಮೇಲೆ ಮುಂದಿನ ಗಾಡಿ ಎಷ್ಟು ಹೊತ್ತಿಗೆ?

ಒಮ್ಮೆ ವೇಗದ ರೈಲಿನಿಂದ ಇಳಿದು, ಎರಡು ಬ್ಯಾಗ್ ಹೊತ್ತು, ಮೆಟ್ಟಿಲು ಹತ್ತಿಳಿದು ಆಚೆ ಪ್ಲಾಟ್‌ಫಾರ್ಮಿಗೆ ಓಡಿದೆ. ನಾನು ಹಿಡಿಯಬೇಕಿದ್ದ ಪ್ಯಾಸೆಂಜರ್ ಗಾಡಿ ಆಗಲೇ ಹೊರಟಿತ್ತು. ಕೊನೆಯ ಬೋಗಿಯ ಕೆಂಪು ದೀಪ ಮಾತ್ರ ಕಂಡಿತು. ಮಗು ಎತ್ತಿಕೊಂಡ ತಾಯಿಯೊಬ್ಬರೂ ಏದುಸಿರು ಬಿಡುತ್ತಾ ನಿಂತಿದ್ದರು. ದಾರಿಯಲ್ಲಿ ಉಳಿಸಿದ ಸಮಯವೆಲ್ಲ ಬೆಂಚಿನ ಮೇಲೆ ಕಳೆದುಹೋಯಿತು.

ಸ್ವಿಟ್ಜರ್ಲೆಂಡಿನವರು ಮೊದಲು ವೇಳಾಪಟ್ಟಿ ಬರೆದರು. ಅವರ 'ರೈಲು 2000' ಯೋಜನೆಗೆ 1987ರಲ್ಲಿ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬರುವ ಮುಂಚೆ ಎಲ್ಲ ದಿಕ್ಕಿನ ಗಾಡಿಗಳೂ ದೊಡ್ಡ ಜಂಕ್ಷನ್ನಿಗೆ ಬಂದು ನಿಲ್ಲಬೇಕು. ಜನ ಇಳಿದು ಹತ್ತಬೇಕು. ಮುಳ್ಳು ಹನ್ನೆರಡು ದಾಟುತ್ತಿದ್ದಂತೆ ಎಲ್ಲವೂ ಹೊರಡಬೇಕು. ಇದಕ್ಕೆ ಬರ್ನ್ ಜಂಕ್ಷನ್ನಿನಿಂದ ಜ್ಯೂರಿಕ್ ಜಂಕ್ಷನ್ನಿಗೆ ಒಂದು ಗಂಟೆಯೊಳಗೆ ತಲುಪಬೇಕಿತ್ತು. ಅದಕ್ಕೆ ಬೇಕಾದಷ್ಟೇ ಹೊಸ ಹಳಿ ಹಾಕಿದರು: ಸುಮಾರು 45 ಕಿ.ಮೀ., ಗಂಟೆಗೆ 200 ಕಿ.ಮೀ. ವೇಗ. 2004ರಲ್ಲಿ ಪ್ರಯಾಣ 56 ನಿಮಿಷಕ್ಕೆ ಇಳಿಯಿತು. ಉಳಿದ ನಾಲ್ಕು ನಿಮಿಷ ಗಾಡಿ ಬದಲಿಸುವವರಿಗೆ. ಎಷ್ಟು ಚೆಂದದ ಲೆಕ್ಕ, ಅಲ್ವಾ!

ಸ್ಟೇಷನ್ ಎಲ್ಲಿರಬೇಕು ಎನ್ನುವುದೂ ಅಷ್ಟೇ ಮುಖ್ಯ. ಫ್ರಾನ್ಸಿನ ಹೈಸ್ಪೀಡ್ ರೈಲು ಟಿಜಿವಿ 1981ರಲ್ಲಿ ಪ್ಯಾರಿಸ್–ಲಿಯಾನ್ ನಡುವೆ ಓಡತೊಡಗಿದಾಗ ಊರೊಳಗೆ ಹಳೇ ಹಳಿಯ ಮೇಲೇ ಬಂತು. ಹೊಸ ಹಳಿ ಎಲ್ಲಿ ಕೊನೆಯಾಗುತ್ತದೋ ಅಲ್ಲಿಂದ ಮುಂದೆಯೂ ಅದೇ ಗಾಡಿ ಹಳೇ ಹಳಿ ಹಿಡಿದು ಬೇರೆ ಊರುಗಳಿಗೆ ಹೋಗುತ್ತದೆ. ಅದೇ ದೇಶ 1994ರಲ್ಲಿ ಆಮಿಯಾ ಮತ್ತು ಸೇಂಟ್ ಕ್ವೆಂಟಿನ್ ಊರುಗಳ ನಡುವೆ ಹೊಲಗಳ ಮಧ್ಯೆ ಒಂದು ಸ್ಟೇಷನ್ ಕಟ್ಟಿತು. ಅಲ್ಲಿಗೆ ಬೇರೆ ಯಾವ ರೈಲೂ ಇಲ್ಲ. ಕಾರು ಅಥವಾ ಬಸ್ಸಿನಲ್ಲೇ ಹೋಗಬೇಕು. ಸುತ್ತ ಸಕ್ಕರೆ ತೆಗೆಯುವ ಬೀಟ್ ಗಡ್ಡೆ ಬೆಳೆಯುವ ಹೊಲಗಳು. ಜನ ಅದನ್ನು 'ಬೀಟ್ ಸ್ಟೇಷನ್' ಎಂದೇ ಕರೆದರು.

ಊರಾಚೆ ಜಾಗ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಕಾರಿಲ್ಲದವರು, ವಯಸ್ಸಾದವರು ಅಲ್ಲಿಗೆ ಹೋಗುವುದು ಹೇಗೆ?

ಯೋಜನೆ ಮಾಡುವವರಲ್ಲಿ ನನ್ನ ಬೇಡಿಕೆ ಒಂದೇ. ಬಣ್ಣದ ಗೆರೆಗಳ ನಕ್ಷೆ ಮಾತ್ರ ಸಾಲದು. ಅದರ ಜೊತೆ ಕರಡು ವೇಳಾಪಟ್ಟಿಯನ್ನೂ ಜನರ ಮುಂದಿಡಿ. ಪ್ರತಿ ಜಂಕ್ಷನ್ನಿನಲ್ಲೂ ಯಾವ ಗಾಡಿ ಎಷ್ಟಕ್ಕೆ ಬರುತ್ತದೆ, ಯಾವುದು ಎಷ್ಟಕ್ಕೆ ಹೊರಡುತ್ತದೆ ಎಂದು ಅದರಲ್ಲಿರಲಿ. ಸಣ್ಣ ಊರಿನವರೂ ತಮ್ಮ ಗಾಡಿ ಸಿಗುತ್ತದೋ ಇಲ್ಲವೋ ನೋಡಿ ಹೇಳಲಿ. ಜಮೀನಿಗೆ ಕಲ್ಲು ನೆಡುವುದು ಆಮೇಲೆ.

– ಒಬ್ಬ ಪ್ರಯಾಣಿಕ