ಒರತೆಯ ಮೇಲ್ಬದಿಯ ಕೊಳವೆಬಾವಿಯನ್ನು ನಿಲ್ಲಿಸುವ ಕುರಿತು ದೂರು

ದಿನಾಂಕ: 4 ಏಪ್ರಿಲ್ 2025

ಇವರಿಗೆ:
ವ್ಯವಸ್ಥಾಪಕರು, ಬಾಟಲಿ ನೀರಿನ ಘಟಕ, ಚಿತ್ರದುರ್ಗ ತಾಲ್ಲೂಕು

ಮಾನ್ಯರೇ,

ಜೋಗಿಮಟ್ಟಿ ಬೆಟ್ಟಸಾಲಿನ ಬುಡದಲ್ಲಿರುವ ನಮ್ಮ ಊರಿನ ಒರತೆಯಲ್ಲಿ ಒಂದು ಕೊಡ ತುಂಬಲು ಹೋದ ವರ್ಷದ ಯುಗಾದಿಯಂದು ಐದು ನಿಮಿಷ ಸಾಕಾಗಿತ್ತು. ಮೊನ್ನೆಯ ಯುಗಾದಿಯಂದು ಇಪ್ಪತ್ತೊಂದು ನಿಮಿಷ ಬೇಕಾಯಿತು.

ನಾನು ನಿವೃತ್ತ ಶಾಲಾ ಮೇಷ್ಟ್ರು. ಹಬ್ಬದ ಸ್ನಾನಕ್ಕೆ ನೀರು ತರಲು ಹೋದಾಗ ಹದಿನೈದು ಲೀಟರಿನ ಹಿತ್ತಾಳೆ ಕೊಡವನ್ನು ಕಲ್ಲುದೋಣಿಯ ಕೆಳಗಿಟ್ಟು, ಗಡಿಯಾರ ನೋಡಿ, ಹಿಡಿದ ಹೊತ್ತನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ನನ್ನ ಹಳೆಯ ಚಾಳಿ. ಮನೆಯವರ ಲೆಕ್ಕದಲ್ಲಿ ಇದು ಮೇಷ್ಟರ ಹುಚ್ಚು. ಈ ಸಲ ನೀರು ಧಾರೆ ಕಟ್ಟಿ ಬೀಳಲೇ ಇಲ್ಲ, ಕಲ್ಲಿನ ಪಾಚಿಗೆ ಅಂಟಿಕೊಂಡು ಜಾರುತ್ತಿತ್ತು. ಮುತ್ತುಗದ ಎಲೆಯೊಂದನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಅದನ್ನು ಕೊಡದೊಳಕ್ಕೆ ತಿರುಗಿಸಿಕೊಳ್ಳಬೇಕಾಯಿತು. ಕೆಳಗಿನ ದನದ ತೊಟ್ಟಿಯಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ.

ಫೆಬ್ರವರಿಯಲ್ಲಿ ನಿಮ್ಮ ಕಚೇರಿಗೆ ಬಂದಿದ್ದಾಗ, ಬೇಸಿಗೆಯಲ್ಲಿ ಒರತೆ ಸೊರಗುವುದು ಸಹಜ ಎಂದು ಹೇಳಿ ಕಳಿಸಿದಿರಿ. ಹೋದ ವರ್ಷದ ಯುಗಾದಿಯೂ ಬೇಸಿಗೆಯಲ್ಲೇ ಬಂದಿತ್ತು. ಅದಕ್ಕೂ ಹಿಂದಿನ ಮಳೆಗಾಲ, ಅಂದರೆ 2023, ಬರದ ವರ್ಷ. ಆ ಬರವನ್ನೂ ತಾಳಿಕೊಂಡ ಒರತೆ, 2024ರ ಒಳ್ಳೆಯ ಮಳೆಯ ನಂತರ ಬಡವಾಗಿದೆ. ನಡುವೆ ಆದದ್ದು ಒಂದೇ: ದೀಪಾವಳಿ ಕಳೆದ ಮೇಲೆ ಒರತೆಯ ಮೇಲ್ಬದಿಯಲ್ಲಿ ನಿಮ್ಮ ಎರಡು ಕೊಳವೆಬಾವಿಗಳು ಕೆಲಸ ಶುರುಮಾಡಿದವು. ನಮ್ಮ ಅಡಿಕೆ ತೋಟದವರೇನೂ ಸಾಚಾಗಳಲ್ಲ, ಅದನ್ನು ಗ್ರಾಮಸಭೆಯಲ್ಲಿಯೇ ಹೇಳಿ ಬೈಸಿಕೊಂಡಿದ್ದೇನೆ. ಆದರೆ ಅವರ ಬಾವಿಗಳಿರುವುದು ಒರತೆಯ ಕೆಳಗೆ, ಹಳ್ಳದ ಆಚೆ, ಅದೂ ಹತ್ತಾರು ವರ್ಷಗಳಿಂದ.

ನಿಮ್ಮ ಕೊಳವೆಬಾವಿಗಳಲ್ಲಿ ನೀರು ಇಳಿದಿಲ್ಲವೆಂಬುದು ನೀವು ಕೊಟ್ಟ ಇನ್ನೊಂದು ಸಮಾಧಾನ. ಇಳಿದಿರಲಿಕ್ಕಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ಒಳಗಿನ ನೀರಿನ ಮಟ್ಟ ಎಲ್ಲಿ ನೆಲವನ್ನು ಮುಟ್ಟುತ್ತದೆಯೋ ಅಲ್ಲಿ ಒರತೆಯಾಗಿ ಹೊರಬೀಳುತ್ತದೆ. ಆ ಮಟ್ಟ ಒಂದೆರಡು ಅಡಿ ತಗ್ಗಿದರೆ ನೂರಾರು ಅಡಿ ಆಳದಲ್ಲಿ ಕುಳಿತ ಪಂಪಿಗೆ ಗೊತ್ತೂ ಆಗುವುದಿಲ್ಲ, ಒರತೆ ಮಾತ್ರ ನಿಂತುಹೋಗುತ್ತದೆ.

ಕಾರ್ತಿಕದ ಜಾತ್ರೆಗೆ ನೀವು ಐವತ್ತು ಕ್ಯಾನ್ ನೀರು ದಾನ ಕೊಟ್ಟಿರಿ, ಬ್ಯಾನರನ್ನೂ ಕಟ್ಟಿಸಿದಿರಿ. ಇಪ್ಪತ್ತು ಲೀಟರಿನ ಐವತ್ತು ಕ್ಯಾನ್ ಎಂದರೆ ಸಾವಿರ ಲೀಟರ್. ಮೊನ್ನೆಯ ಅಳತೆಯಲ್ಲಿ ಲೆಕ್ಕ ಹಾಕಿದರೆ ನಮ್ಮ ಒರತೆ ಇಡೀ ದಿನ ಕೊಡುವುದೂ ಈಗ ಸರಿಸುಮಾರು ಅಷ್ಟೇ. ಹೋದ ವರ್ಷ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಕೊಡುತ್ತಿತ್ತು.

ಒರತೆ ಹೋದರೆ ನಮಗೆ ಉಳಿಯುವುದು ಆಳದ ಕೊಳವೆಬಾವಿಯ ನೀರು. ಈ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಅದರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದರಿಂದ ಹಲ್ಲು ಕಲೆಗಟ್ಟಿದ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಅದು ಬೇಡವೆಂದರೆ ನಿಮ್ಮ ಕ್ಯಾನನ್ನೇ ಕೊಳ್ಳಬೇಕು.

ಇನ್ನು ನಿಮ್ಮ ಬಾಟಲಿಯ ಚೀಟಿ. ಅದರ ಮೇಲೆ ಬಂಡೆಯಿಂದ ಚಿಮ್ಮುವ ಒರತೆಯ ಚಿತ್ರವಿದೆ. ಸಣ್ಣ ಅಕ್ಷರದಲ್ಲಿ ಐಎಸ್ 14543 ಎಂದಿದೆ. ಅದು ಯಾವ ಮೂಲದ್ದಾದರೂ ಆಗಬಹುದಾದ, ಸಂಸ್ಕರಿಸಿದ ಕುಡಿಯುವ ನೀರಿನ ಮಾನದಂಡ. ಮೂಲದಲ್ಲೇ ತುಂಬುವ ನೈಸರ್ಗಿಕ ಖನಿಜ ನೀರಿನದು ಬೇರೆ, 13428. ಒರತೆಯ ನೀರನ್ನು ನೀವು ಮಾರುತ್ತಿಲ್ಲ, ಚಿತ್ರವನ್ನಷ್ಟೇ ಮಾರುತ್ತಿದ್ದೀರಿ.

ಜಾಗ ನಮ್ಮದು, ಕೆಳಗಿನ ನೀರೂ ನಮ್ಮದು ಎನ್ನುವಾಗ ನೀವು ನೆಚ್ಚಿಕೊಂಡಿರುವುದು ನೆಲ-ನೀರಿನ ಬಳಕೆಯ ಹಕ್ಕುಗಳ ಕುರಿತ 1882ರ ಈಸ್‌ಮೆಂಟ್ ಕಾಯ್ದೆಯ ಕಾಲದ ತಿಳಿವಳಿಕೆಯನ್ನು. ಅದರ ನಂತರ ಬಹಳ ನೀರು ಹರಿದಿದೆ. ಇಂಥ ಸಂಪತ್ತಿಗೆ ಸರ್ಕಾರವೂ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂದು 1996ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂತರ್ಜಲಕ್ಕೆಂದೇ ರಾಜ್ಯದಲ್ಲಿ 2011ರ ಕಾಯ್ದೆಯಿದೆ. ಅದರಡಿ ನೀವು ಪಡೆದ ಅನುಮತಿ ಪತ್ರವಿದ್ದರೆ ಅದರ ಪ್ರತಿಯನ್ನು ಕೊಡಿ. ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಚಹಾ ಮಾತ್ರ ಸಿಕ್ಕಿತು.

ನಾವು ಘಟಕಕ್ಕೆ ಬೀಗ ಹಾಕಿ ಎನ್ನುತ್ತಿಲ್ಲ. ಊರಿನ ಒಂಬತ್ತು ಹುಡುಗರು ಅಲ್ಲಿ ದುಡಿಯುತ್ತಾರೆ. ಒರತೆಗೆ ಹತ್ತಿರದ ಮೇಲಿನ ಕೊಳವೆಬಾವಿಯನ್ನು ಮುಂಗಾರು ಮುಗಿಯುವವರೆಗೆ ನಿಲ್ಲಿಸಿ. ಇನ್ನೊಂದಕ್ಕೆ ಮೀಟರ್ ಹಾಕಿಸಿ, ದಿನ ಎಷ್ಟು ನೀರೆತ್ತಿದಿರೆಂದು ಗೇಟಿನ ಹಲಗೆಯ ಮೇಲೆ ಬರೆಸಿ. ಚೀಟಿಯ ಚಿತ್ರವನ್ನು ತೆಗೆಯಿರಿ. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಇದೇ ಪತ್ರ ಜಿಲ್ಲಾಧಿಕಾರಿಗಳಿಗೂ ಅಂತರ್ಜಲ ಕಚೇರಿಗೂ ಹೋಗುತ್ತದೆ.

ನನ್ನ ಅಳತೆಯ ಮೇಲೆ ಅನುಮಾನವಿದ್ದರೆ ಮೇಲಿನ ಪಂಪನ್ನು ಒಂದು ವಾರ ನಿಲ್ಲಿಸಿ ನಿಮ್ಮವರನ್ನು ಕಳಿಸಿ. ಕೊಡವನ್ನೂ ಗಡಿಯಾರವನ್ನೂ ನಾನೇ ತರುತ್ತೇನೆ.

ಇಂತಿ,
ಒರತೆಯ ನೀರು ಬಳಸುವ ಮನೆಗಳ ಪರವಾಗಿ,
ಒಬ್ಬ ನಿವೃತ್ತ ಶಿಕ್ಷಕ